ಎಸ್ಸಿನ ಈಚೆ, ಎಸ್ಸಿನ ಆಚೆ

ನಲವತ್ತು ವರ್ಷ ಲೋಸ್ಟಾಫ್ಟಿನ ಅಂಗಡಿ ಬೋರ್ಡುಗಳಿಗೆಲ್ಲ
ಬಣ್ಣ ಹಚ್ಚಿದವನು ನಾನೇ, ಕ್ಲಿಫರ್ಡ್ ಅಟಿಂಗ್.
ಅಕ್ಷರಕ್ಕಿಷ್ಟು ಎಂದು ಕೂಲಿ.
ಅಕ್ಷರಗಳ ನೆತ್ತಿಯ ಮೇಲೆ ತೇಲುವ ಆ ಗೊದಮೊಟ್ಟೆ ಮಾತ್ರ ಬಿಟ್ಟಿ;
ಅದಕ್ಕೆ ಯಾರೂ ಕಾಸು ಬಿಚ್ಚಿದ್ದಿಲ್ಲ.

ಮೊದಮೊದಲು ನನಗೂ ಅದರ ಗುಟ್ಟು ತಿಳಿಯದು.
ಚೆಂದ ಕಂಡಲ್ಲಿ ಇಡುತ್ತಿದ್ದೆ.
ಒಂದು ದಿನ ಮಿಸ್ ಪೆಟ್ಟಿಂಗಿಲ್ ಏಣಿಯ ಬುಡದಲ್ಲಿ ಬಗ್ಗಿ
ಸೀಮೆಸುಣ್ಣದಿಂದ ಹಾಸುಗಲ್ಲಿನ ಮೇಲೆ ಬರೆದಳು:
"ಒಡೆಯ ಒಬ್ಬನೇನು? ಎಸ್ಸಿನ ಈಚೆ.
ಇಬ್ಬರೋ, ಇಪ್ಪತ್ತು ಮಂದಿಯೋ? ಎಸ್ಸಿನ ಆಚೆ.
ಗಂಡಸರು, ಹೆಂಗಸರು, ಮಕ್ಕಳು
ಎಸ್ಸಿನ ಹಂಗಿಲ್ಲದೆ ಗುಂಪಾದವರು,
ಅವರಿಗೆ ಮತ್ತೆ ಈಚೆಯೇ.
ಆಲೂಗಡ್ಡೆಗೆ ಬೇಡವೇ ಬೇಡ, ಕ್ಲಿಫರ್ಡ್.
ಮಾರಾಟಕ್ಕೆ ಕೂತ ಆಲೂಗಡ್ಡೆಗೆ
ಸ್ವಂತದ್ದು ಅಂತ ಏನಿದೆ?"
ಆ ಸಂಜೆ ಸಂತೆಬೀದಿಯಲ್ಲಿ ಹನ್ನೊಂದು ಗೊದಮೊಟ್ಟೆ ಅಳಿಸಿದೆ.

ರೂಬೆನ್ ಕ್ಯಾಟರ್ಮೋಲ್ ಬಂದದ್ದು ಆಮೇಲೆ.
ಹೆರ್ರಿಂಗ್ ಮೀನಿಗೆ ಹೊಗೆ ಹಾಕುವವನು.
ಗ್ಲೆನ್ ಹುಟ್ಟಿ ವಾರವಾಗಿತ್ತು.
"ಮಗನ ಹೊಗೆಮನೆ ಅಂತಲೇ ಬರಿ" ಎಂದ, ಹಲ್ಲು ಕಿರಿದು.
ಒಬ್ಬ ಮಗ. ಈಚೆ ಇಟ್ಟೆ.
ಆರು ವರ್ಷಕ್ಕೆ ಡಂಕನ್ ಹುಟ್ಟಿದ.
ಹಸಿರು ಬಳಿದು ಮುಚ್ಚಿ, ಆಚೆ ಇಟ್ಟೆ.
ನಡುವೆ ನಾಲ್ಕು ಬೆರಳು ಜಾಗ, ಅಷ್ಟೇ.
ಬೀದಿಯಲ್ಲಿ ನಿಂತು ಕೂಗಿದರೆ ವ್ಯತ್ಯಾಸ ಕೇಳಿಸದು:
ಒಬ್ಬನದಾದರೂ ಸನ್ಸ್, ಇಬ್ಬರದಾದರೂ ಸನ್ಸ್.
ಕಿವಿ ಎಣಿಸುವುದಿಲ್ಲ.
ಕಣ್ಣು ಎಣಿಸುತ್ತದೆ, ಅದೂ ಕತ್ತೆತ್ತಿ ನೋಡಿದರೆ.

ಒಂದು ಫೆಬ್ರವರಿ ದೋಣಿ ಬಂತು,
ಡಂಕನ್ ಬರಲಿಲ್ಲ.

ಬೇಸಿಗೆಯಲ್ಲಿ ಗ್ಲೆನ್ ನನ್ನ ಶೆಡ್ಡಿಗೆ ಬಂದ,
ಕೈಯಲ್ಲಿ ಟೋಪಿ, ಮೈಯೆಲ್ಲ ಓಕ್ ಹೊಗೆ.
"ವಕೀಲರು ಕಾಗದ ಪತ್ರ ಎಲ್ಲ ಸರಿ ಮಾಡಿದ್ದಾರೆ.
ಇನ್ನು ಆ ಬೋರ್ಡು..." ಎಂದು
ನನ್ನ ಬಣ್ಣದ ಡಬ್ಬಿಗಳನ್ನು ನೋಡುತ್ತ ನಿಂತ.
ನಾನು ಏಣಿ ಎತ್ತಿಕೊಂಡೆ.
ಹಸಿರು ಬಳಿದು ಮುಚ್ಚಿ, ಈಚೆ ಇಟ್ಟೆ.
ಕೆಳಗೆ ಬಾಗಿಲಲ್ಲಿ ಅವರಮ್ಮ
ಮೀನುಗಳನ್ನು ಜೋಡಿ ಜೋಡಿಯಾಗಿ ಕೊಕ್ಕೆಗೆ ಸಿಕ್ಕಿಸುತ್ತಿದ್ದಳು.
ಮೇಲೆ ನೋಡಲಿಲ್ಲ.

ನನ್ನ ಹಸಿರು ಅಗ್ಗದ್ದು, ಸುಳ್ಳೇಕೆ ಹೇಳಲಿ.
ಎರಡು ಚಳಿಗಾಲದ ಉಪ್ಪುಗಾಳಿಗೆ ಸವೆದುಹೋಯಿತು.
ನಾಡಿನ ಮೊದಲ ಬಿಸಿಲು ಬೀಳುವುದೇ ನಮ್ಮೂರಿಗೆ;
ಅದು ಓರೆಯಾಗಿ ಬೋರ್ಡಿಗೆ ತಾಗಿದಾಗ
ಎಸ್ಸಿನ ಈಚೆ ಬೆಳ್ಳಗೆ ಒಂದು,
ಆಚೆ, ನೀರೊಳಗಿಂದ ಕಂಡಂತೆ, ಇನ್ನೊಂದು.
ಯಾವ ವ್ಯಾಕರಣಕ್ಕೂ ಸಲ್ಲದ ಕೆಲಸ.

ಮಿಸ್ ಪೆಟ್ಟಿಂಗಿಲ್‌ಗೆ ಈಗ ಎಂಬತ್ತೆಂಟು.
ನಿನ್ನೆ ಬೆಳಿಗ್ಗೆ ಕೋಲೂರಿ ಆ ಬೋರ್ಡಿನ ಕೆಳಗೆ
ಬಹಳ ಹೊತ್ತು ಕತ್ತೆತ್ತಿ ನಿಂತಿದ್ದಳು.
ಎದುರು ಬದಿಯಲ್ಲಿ ನಾನು, ಬೈಸಿಕೊಳ್ಳಲು ತಯಾರಾಗಿ.
ಅವಳ ಕೈ ಕೋಟಿನ ಜೇಬಿಗೆ ಹೋಯಿತು,
ಚಿಲ್ಲರೆ ತೆಗೆಯಿತು.
"ಕಿಪ್ಪರ್ ಒಂದು ಜೋಡಿ" ಎನ್ನುತ್ತ
ಒಳಗೆ ಹೋದಳು.