ಪೊಟ್ಟಣದ ಒಳಮೈ

ರುದ್ರಮುನಿ ಸಾರ್ ಕಪಾಟಿಗೆ ಎರಡು ಬೀಗ.
ಒಂದರ ಕೀಲಿ ಉಡಿದಾರದಲ್ಲಿ,
ಇನ್ನೊಂದರದು ಎಲ್ಲಿತ್ತೋ, ಅವರ ಹೆಂಡತಿಗೂ ಗೊತ್ತಿರಲಿಲ್ಲ.
ಚೌಕಿಪೇಟೆಯ ಮಹಡಿ ಕೋಣೆಯಲ್ಲಿ
ನಾಲ್ಕು ವರ್ಷ ಅವರ ಕೈಕೆಳಗೆ ಒಲೆಗಳ ನಕ್ಷೆ ಬರೆದೆ,
ಕಪಾಟಿನ ಒಳಗಿನ ಬಣ್ಣ ನೋಡಲಿಲ್ಲ.
‘ಸಲಹೆ ಮಾರೋರಿಗೆ, ಶಶಿಕಲಾ, ಗೊತ್ತಿರೋದೇ ಬಂಡವಾಳ.
ಬೆಲ್ಲ ಬೀದಿಗೆ ಸುರಿದು ಗಿರಾಕಿ ಕಾಯ್ತಾರೇನು ಯಾರಾದ್ರೂ?’

ಅವರು ಹೋದ ಮೂರನೇ ತಿಂಗಳು
ಜಯದೇವ ಸರ್ಕಲ್ಲಿನ ಗಾಡಿಯಲ್ಲಿ
ಖಾರ ಮಂಡಕ್ಕಿ ಕೊಂಡೆ, ಜೊತೆಗೊಂದು ಮಿರ್ಚಿ.
ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ
ಎಣ್ಣೆ ಹೀರಿ ಗಾಜಾದ ಹಾಳೆಯಲ್ಲಿ ಅವರ ಅಕ್ಷರ,
ಎಡಕ್ಕೆ ವಾಲುವ ಆ ‘ಹ’, ಆ ಹಸಿರು ಶಾಯಿ:
ಹೊಟ್ಟು ಉರಿಸುವ ಒಲೆಗೆ ಚಿಮಣಿಯ ಎತ್ತರ
ಹೀಗೆ ಲೆಕ್ಕ ಹಾಕಬೇಕು. ಮೊದಲು
ಅಲ್ಲಿಗೆ ಹರಿದಿತ್ತು.

‘ರದ್ದಿ ಚಲೋ ಇತ್ತಕ್ಕ, ದಪ್ಪ ಹಾಳೆ,’ ಅಂದ ಗಾಡಿಯವನು.
‘ಕೇಜಿಗೆ ಹದಿನಾಲ್ಕು. ಮುಗ್ದೋತು.’
ಊರೆಲ್ಲ ಹಂಚಿಹೋಗಿತ್ತು ಕಪಾಟು,
ಹಿಡಿ ಮಂಡಕ್ಕಿಗೆ ಒಂದು ಪುಟದಂತೆ.
ಓದಿದವರು ಯಾರೂ ಇಲ್ಲ.

ಅಂದು ರಾತ್ರಿ ಕಂಪ್ಯೂಟರಿನಲ್ಲಿ
ನಾನೇ ಜಡಿದಿಟ್ಟ ಬೀಗ ಕಂಡಿತು.
ಗುರುತು ಹಾಕಿಟ್ಟ ಕೊಂಡಿಗಳು ಆರುನೂರ ಹನ್ನೊಂದು,
‘ಆಮೇಲೆ ಓದು’ ಅನ್ನುವ ಒಂದೇ ಗೋಣಿಚೀಲದಲ್ಲಿ.
ಜರಡಿ ಹಿಡಿದೆ. ಒತ್ತಿದರೂ ತೆರೆಯದ ಸತ್ತವೇ ನೂರು,
ಜೊಳ್ಳು.
ಉಳಿದವಕ್ಕೆ ಚೀಟಿ ಅಂಟಿಸುತ್ತ ಕೂತೆ.
‘ಇಂಧನ ದಕ್ಷತೆ’ ಅಂತ ಬರೆದು ಅಳಿಸಿದೆ,
ಭಟ್ಟಿ ಸಾಲಿನಲ್ಲಿ ಯಾರೂ ಆ ಮಾತು ಆಡುವುದಿಲ್ಲ.
ಕಣ್ಣುರಿ, ಅಂತ ಬರೆದೆ.
ಬೂದಿ ಎಲ್ಲಿ ಸುರಿಯೋದು, ಅಂತ.
ಪಕ್ಕದ ಮನೆಯವರ ತಕರಾರು. ನೋಟೀಸು ಬಂದಾಗ.
ಮರಳು ಕಾಯೋಕೆ ಯಾಕಿಷ್ಟು ಹೊತ್ತು.
ಕೆಳಗೆ ಎರಡು ಸಾಲು ನನ್ನ ಮಾತು:
ಇದು ಪಂಜಾಬಿನ ಒಲೆ, ನಮ್ಮದಲ್ಲ, ಮೂರನೇ ಚಿತ್ರ ಮಾತ್ರ ನೋಡಿ.
ಬೆಳಗಾಗುವ ಹೊತ್ತಿಗೆ ಪಟ್ಟಿಯ ಬಾಗಿಲು ತೆರೆದಿಟ್ಟೆ.

ಕೊಟ್ರೇಶಿ ಲೆಕ್ಕದ ಪುಸ್ತಕ ಮುಚ್ಚಿ ಕೇಳಿದ:
‘ಇನ್ನು ಗಿರಾಕಿಗೆ ಏನು ಮಾರ್ತೀರಿ, ಖಾಲಿ ಚೀಲಾನಾ?’
ಉತ್ತರವಿರಲಿಲ್ಲ. ಆ ತಿಂಗಳು ಬಾಡಿಗೆ ತಡವಾಯಿತು.

ಮೊದಲು ಬಂದದ್ದು ಬೈಗುಳ. ಗಂಗಾವತಿಯಿಂದ ಯಾರೋ ಹುಲಿಗೆಪ್ಪ:
‘ಹೊಟ್ಟಿನ ತೇವ ಮರ್ತೀರಿ ಮೇಡಂ,
ನಿಮ್ಮ ಲೆಕ್ಕ ಮಳಿಗಾಲದಾಗ ನಡಿಯಂಗಿಲ್ಲ.’
ತನ್ನ ಪಟ್ಟಿಯನ್ನೂ ಕಳಿಸಿದ್ದ, ನನ್ನದಕ್ಕಿಂತ ಉದ್ದ.
ಎಂಟು ವರ್ಷ ಹೊತ್ತು ತಿರುಗಿದ ತಪ್ಪು
ಒಂದು ಮಧ್ಯಾಹ್ನ ಹೆಗಲಿಂದಿಳಿಯಿತು.

ಆಮೇಲೆ ಆಜಾದ್ ನಗರದಿಂದ ಜುಬೇದಾಬಿ ಬಂದಳು,
ಬುರ್ಖಾದ ಅಂಚಿಗೆ ಬೂದಿ, ಫೋನಿನಲ್ಲಿ ನನ್ನದೇ ಪಟ್ಟಿ.
‘ಮಗಳ ಕೈಲಿ ಓದಿಸ್ಕಂಡೀನಿ, ಕಣ್ಣುರಿ ಪೂರಾ ಮುಗೀತು.
ಇದ್ರಾಗೆ ಒಂಬತ್ತು ತರ ಒಲೆ ಐತೆ.
ನಮ್ ಜಾಗ ಐದು ಮಾರು, ಹಿಂದ್ಗಡೆ ಮದರಸಾ.
ಯಾವ್ದು ಕಟ್ಲಿ ಅನ್ನಾದು ಬರ್ದಿಲ್ಲ. ಬಂದು ನೋಡ್ರಿ.
ಫೀಸು ಎಷ್ಟು ಅಂತಾನೂ ಬರ್ದಿಲ್ಲ ನೀವು.’
ಕೊಟ್ರೇಶಿ ಪುಸ್ತಕ ತೆರೆದ.

ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದು
ಒಂದೇ ಉಸಿರಿಗೆ ಬೆಳ್ಳಗೆ ಅರಳುತ್ತದಲ್ಲ,
ಅದನ್ನು ಮಾತ್ರ ಯಾವ ಕೊಂಡಿಯೂ ಹಿಡಿದಿಟ್ಟಿಲ್ಲ.
ಗೇಣಿನಷ್ಟು ಒಲೆಬಾಯಿ ಕಿರಿದು ಮಾಡಿಸಿದೆ, ಅಷ್ಟೇ.
ಹೊಗೆ ನಿಂತಿತೆಂದು ಹೇಳಲಾರೆ. ದಾರಿ ಬದಲಿಸಿತು.
ಅದರ ಚಿತ್ರವೂ ಪಟ್ಟಿಯಲ್ಲಿದೆ ಈಗ,
ಜುಬೇದಾಬಿಯ ಮಗಳು ಹಾಕಿದ್ದು.

ಆ ಪೊಟ್ಟಣ ಎಸೆದಿಲ್ಲ ನಾನು.
ಎಣ್ಣೆಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು
ಚಿತ್ರ ತೆಗೆದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.
ಇಷ್ಟೊಂದು ಮಂಡಕ್ಕಿ ತಿನ್ನುವ ಊರು,
ಯಾರೋ ಒಬ್ಬರು ಮಡಿಸಿ ಇಟ್ಟಿರಬಹುದು.
ಚೀಟಿಯಲ್ಲಿ ಬರೆದಿದ್ದೇನೆ:
ಉಳಿದರ್ಧ ಯಾರ ಹತ್ತಿರವಾದರೂ ಇದ್ದರೆ.