ಕೊಂಡಿ

ಗೋಕುಲ ರೋಡಿನ ಶೆಡ್ಡಿನ್ಯಾಗ ದಾವಲಸಾಬ
ವೆಲ್ಡಿಂಗ್ ಕನ್ನಡಕ ಹಣಿಗೇರಿಸಿ ಹೇಳಿದ್ದ:
“ಚಕ್ಕಡಿ ಕಂಡೀಯಿಲ್ಲೋ ತಂಗಿ? ಅದಽ ಲೆಕ್ಕ.
ಹಿಂಭಾರ ಆದ್ರ ನೊಗ ಮ್ಯಾಲೇಳತೈತಿ,
ಎತ್ತಿನ ಕೊಳ್ಳಿಗೆ ಜತ್ತಿಗಿ ಬಿಗೀತೈತಿ.
ಅರ್ಧಕ್ಕಿಂತ ಚೂರು ಹೆಚ್ಚು ಮುಂದಽ ಇರಲಿ.
ಆದ್ರೂ ಓಲಾಡಾಕ ಹತ್ತಿತಂದ್ರ…”
ಅಷ್ಟರಾಗ ಕರೆಂಟ್ ಬಂತು.
ಕಿಡಿ ಸಪ್ಪಳದಾಗ ‘ಮುಟ್ಟಬ್ಯಾಡ’ ಅನ್ನೂದಷ್ಟಽ ಕೇಳಿಸ್ತು.
ಕಾದ ಕಬ್ಬಿಣಕ್ಕ ಅಂದಾನಂತ
ಕೈ ಹಿಂದಕ್ಕ ತಗೊಂಡೆ.

ನಸುಕಿನ್ಯಾಗ ಬಿಟ್ವಿ.
ನನ್ನ ಪಿಕಪ್ಪು, ಅದರ ಹಿಂದ
ಅತ್ತಿಗಿ ಫಕೀರವ್ವನ ಗಾಲಿ ಖಾನಾವಳಿ,
ಹಳದಿ ಬಣ್ಣ ಇನ್ನೂ ಕೈಗೆ ಹತ್ತತಿತ್ತು.
ಗದಗಿನ ಕೋರ್ಟ್ ಮುಂದ ಹನ್ನೊಂದಕ್ಕ ಮೊದಲನೇ ಊಟ.
ನಳ ಹಿಂದೈತಿ ಅಂತ ನೀರಿನ ಡ್ರಮ್ಮೂ ಹಿಂದಽ,
ಬಾಯಿಮಟ. ಎಂಟು ದಿನಕ್ಕೊಮ್ಮೆ ಬರೋ ನೀರು,
ಬಾಯಿಮಟ ತುಂಬದ ಬಿಡ್ತಾರೇನು?

ಭಂಡಿವಾಡ ದಾಟೂತನಕ ಏನೂ ಇಲ್ಲ.
ಆಮ್ಯಾಲೆ ಬರೇ ಎರಿ ಹೊಲ, ಗಿಡ ಇಲ್ಲ ಗೋಡಿ ಇಲ್ಲ,
ಆಷಾಢದ ಗಾಳಿಗೆ ಅಡ್ಡ ಅಂದ್ರ ನಾವಽ.
ಅರಳಿ ಅಂಡಿಗಿ ಹೇರಿದ ಲಾರಿ ಬಾಜೂಕ ಹಾದು ಹೋತು;
ಅದರ ಗಾಳಿ ಮೊದಲು ದೂಡ್ತು, ಆಮ್ಯಾಲೆ ಎಳಕೊಂತು.
ಎಡಗನ್ನಡ್ಯಾಗ ಹಳದಿ ಮೂಲಿ.
ಬಲಗನ್ನಡ್ಯಾಗ ಹಳದಿ ಮೂಲಿ.
ಎಡಕ್ಕ.
ಬಲಕ್ಕ, ಈ ಸಲ ಪೂರಾ ಗೋಡಿ,
‘ರೊಟ್ಟಿ ಊಟ’ ಉಲ್ಟಾ ಓದಾಕ ಬರೂವಷ್ಟು.

“ಬ್ರೇಕ ಹಾಕಽ!” ಫಕೀರವ್ವ ಚೀರಿದಳು.
ಕಾಲು ಆಗಲೇ ಹೊಂಟಿತ್ತು.
ಆವಾಗ ತಿಳೀತು
ದಾವಲಸಾಬ ಯಾವುದನ್ನ ಮುಟ್ಟಬ್ಯಾಡ ಅಂದಿದ್ದ ಅಂತ.
ಎರಡರ ಮ್ಯಾಲಿಂದೂ ಕಾಲೆತ್ತಿದೆ.
ಸ್ಟೇರಿಂಗ್ ತಿರುವಲಿಲ್ಲ. ನೆಟ್ಟಗ ಹಿಡದೆ, ಅಷ್ಟಽ.
ಎಪ್ಪತ್ತು. ಅರವತ್ತು. ಗಾಳಿ. ಐವತ್ತು.
ಮೂವತ್ತಕ್ಕ ಬಂದಾಗ ಅದು ತಾನಽ ಸುಮ್ಮನಾತು,
ಯಾರೂ ಬೈಯ್ದಿದ್ದಿಲ್ಲ.

ಹೆಸರಿನ ಹೊಲದ ಅಂಚಿಗೆ ನಿಲ್ಲಿಸಿ ಬಾಗಲಾ ತಗದ್ವಿ.
ಶೇಂಗಾ ಹಿಂಡಿ ನೆಲದ ತುಂಬ. ಅರ್ಧ ರೊಟ್ಟಿ ಚೂರು.
ಡ್ರಮ್ಮು ಇಬ್ಬರಿಗೆ ಜಗ್ಗಲಿಲ್ಲ.
ನೀರು ಚೆಲ್ಲಾಕ ಅಕೀ ಒಪ್ಪಲಿಲ್ಲ.
ಚರಿಗಿ ಚರಿಗಿ ತುಂಬಿ
ಮುಂದಿನ ಪಾತೇಲಿಗೆ, ಕುಕ್ಕರಿಗೆ, ಬ್ಯಾಳಿ ಡಬರಿಗೆ,
ಸೀರಿ ನೆರಿಗಿ ತೊಯ್ಯೂತನಕ ಸುರುವಿದ್ವಿ.
ಹೊಲಕ್ಕ ಹೊಂಟಾಂವ ಒಬ್ಬ ಸೈಕಲ್‌ಮೋಟಾರ್ ನಿಲ್ಲಿಸಿ
“ಏನ್ರೀ, ಇಲ್ಲೇ ಅಂಗಡಿ ಹಚ್ಚೀರೇನು?” ಅಂದ.
ಮುರದ ರೊಟ್ಟಿ, ಡಬ್ಬ್ಯಾಗ ಉಳಿದ ಹಿಂಡಿ, ಒಂದು ಉಳ್ಳಾಗಡ್ಡಿ.
ಇಪ್ಪತ್ತು ರೂಪಾಯಿ. ಬೋಣಿಗಿ.
ಫಕೀರವ್ವ ನೋಟು ಕಣ್ಣಿಗೊತ್ತಿಕೊಂಡಳು.

ಅಣ್ಣಿಗೇರಿ ಬರೂತನಕ ಮಾತಿಲ್ಲ.
ಆಮ್ಯಾಲೆ ಕಿಡಕಿ ಕಡೆ ಮಾರಿ ಮಾಡಿ ಕೇಳಿದಳು:
“ನಿಮ್ಮಣ್ಣ ಓಲಾಡಾಕ ಹತ್ತಿದಾಗ
ನಾನೂ ಬ್ರೇಕಽ ಒತ್ತಿದ್ನೇನಽ?”

ನಾ ಏನ್ ಹೇಳಲಿ.
ಮುಳ್ಳು ಐವತ್ತರ ಮ್ಯಾಲೆ ಏರಗೊಡಲಿಲ್ಲ.
ಹಿಂದ ಕೊಂಡಿ ಹಂತೇಕ ಸರಪಳಿ ಕಿಣಿಕಿಣಿ ಅಂತಿತ್ತು.
ಎಡಗನ್ನಡಿ ನೋಡಿದೆ, ಬಲಗನ್ನಡಿ ನೋಡಿದೆ.
ಎರಡರಾಗೂ ಬರೇ ರಸ್ತೆ.