ಇನ್ನಾಸಪ್ಪನವರ ಬಕೆಟ್ಟು

ಐದಕ್ಕೆ ಬನಶಂಕರಿ ಬಿಟ್ಟೆ. ಕನಕಪುರ ರಸ್ತೆಯ ಲಾರಿಗಳು
ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದವು.
ಮೂರು ಹಳ್ಳಿ, ಮೂರು ಇಗರ್ಜಿ, ಎಪ್ಪತ್ತೆರಡು ಕಿಲೋಮೀಟರು,
ಹತ್ತಕ್ಕೆ ಮನೆ. ಇದು ಲೆಕ್ಕ.

ಮೊದಲನೆಯದಕ್ಕೆ ಬೀಗ. ಸುಣ್ಣದ ಗೋಡೆಗೆ ಒರಗಿ
ಬಾಳೆಹಣ್ಣು ತಿಂದೆ, ಸಿಪ್ಪೆ ಹಸು ತಿಂದಿತು.
ಎರಡನೆಯದಕ್ಕೆ ಹೆಂಚು ತೆಗೆದು ತಗಡು ಹೊದಿಸಿದ್ದಾರೆ;
ಗಂಟೆ ಮಾತ್ರ ಹಳೆಯದು, ಅದರೊಳಗೆ ಜೇನು.
ಮೂರನೆಯದು ಕಣ್ಣಿಗೆ ಬಿತ್ತು ಅನ್ನುವಾಗ
ಹಿಂದಿನ ಚಕ್ರ ಉಸ್ಸೆಂದಿತು.

ನೆಲ ಒರೆಸುತ್ತಿದ್ದ ಇನ್ನಾಸಪ್ಪನವರು
ಬಕೆಟ್ಟು ತಂದಿಟ್ಟರು: "ಟ್ಯೂಬು ಮುಳುಗ್ಸಿ."
ಪೀಠದ ಮೆಟ್ಟಿಲ ಧೂಳು, ಮೇಣದ ಚೂರು,
ಚೆಂಡುಹೂವಿನ ಒಂದು ಎಸಳು ತೇಲುವ ನೀರಲ್ಲಿ
ನನ್ನ ರಬ್ಬರಿನ ಕರುಳು ಹೊರಳಿತು.
ಗುಳು ಗುಳು ಗುಳು.
"ನೋಡಿ, ಇಲ್ಲೈತೆ. ಜಾಲಿ ಮುಳ್ಳು."

ಗೋಂದು ಒಣಗುವ ತನಕ
ಸಮಾಧಿಗಳ ನಡುವೆ ಅಡ್ಡಾಡಿದೆ:
ಚೌರಪ್ಪ, ರಾಯಪ್ಪ, ಜ್ಞಾನಮ್ಮ,
ಇನ್ನೊಬ್ಬ ಇನ್ನಾಸಪ್ಪ.
"ನಮ್ ತಾತ. ಗಂಟೆ ಹೊಡೀತಿದ್ದೋರು. ಈಗ ನಾನು.
ಆಮೇಲೆ ಸ್ಪೀಕರು," ಎಂದು ನಕ್ಕರು.

ನಾನು ನಂಬುವವಳಲ್ಲ.
ಆದರೂ ಹಗ್ಗ ಕೈಗಿತ್ತಾಗ ಎಳೆದೆ, ಒಂದೇ ಸಲ.
ರಾಗಿ ಹೊಲದಲ್ಲಿ ಯಾರೋ ತಲೆಯೆತ್ತಿ
ಕೈಗಡಿಯಾರ ನೋಡಿಕೊಂಡರು.

ಮನೆ ಸೇರಿದಾಗ ಹನ್ನೆರಡೂಕಾಲು.
ಫೋನಿನ ನಕ್ಷೆಯಲ್ಲಿ ನನ್ನ ಹಾದಿ ದುಂಡಗೆ, ಅಂದುಕೊಂಡ ಹಾಗೇ;
ದಕ್ಷಿಣದ ತುದಿಯಲ್ಲಿ ಮಾತ್ರ
ಮಗು ಬಳಪದಲ್ಲಿ ಗೀಚಿದಂಥ ಗಂಟು.

"ಇಲ್ಲಿ ದಾರಿ ತಪ್ಪಿದ್ಯಾ?" ಎಂದಳು ಮಗಳು.
ಹಿಂದಿನ ಚಕ್ರ ಒತ್ತಿ ನೋಡಿದೆ.
ಗಾಳಿ ಹಾಗೇ ಇತ್ತು.